ಪಂಕ್ಚರಾಗದ ಟೈರು

ಸವಣೂರಿನ ಮಜೀದ ವೀಳ್ಯದೆಲೆಯ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿಹಳ್ಳಿ ತಿರುಗಿ ಮಾರುವವನು. ದಾರಿಯಲ್ಲಿ ಜಾಲಿಮುಳ್ಳು ನೆಟ್ಟು ಪಂಕ್ಚರಾದರೆ ಬುಟ್ಟಿಯಲ್ಲಿ ಎಲೆ ಬಾಡುತ್ತದೆ, ಅವನಿಗೆ ಸಿಟ್ಟು ನೆತ್ತಿಗೇರುತ್ತದೆ. ಹೀಗಾಗಿ ಹೊಸ ಟೈರು ಕೊಳ್ಳಲು ಹೋದಾಗ ಎಲೆಯೊಂದರಲ್ಲಿ ಜಾಲಿಮುಳ್ಳು ಸುತ್ತಿಕೊಂಡೇ ಹೋದ.

"ಇದು ಹಗುರ ಐತ್ರಿ, ತೇಲಿಕೋಂತ ಹೋಗತೈತಿ," ಎಂದು ಅಂಗಡಿಯ ಬಸವೇಶ ತೆಳ್ಳನೆಯ ಟೈರು ತೋರಿಸಿದ.

"ತೇಲಾಕ ನಾನೇನ ಕೆರಿಯಾಗ ಹೊಂಟೇನೇನ?" ಎಂದವನೇ ಮಜೀದ ಮುಳ್ಳು ಒತ್ತಿದ. ಅದು ಸಲೀಸಾಗಿ ಇಳಿಯಿತು.

"ಹೊಸಾ ಮಾಲಿಗೆ ಚುಚ್ಚಬ್ಯಾಡ್ರಿ!" ಎಂದು ಬಸವೇಶ ಬಾಯಿ ಬಡಿದುಕೊಂಡ. ಮಜೀದ ಕಿವಿಗೆ ಹಾಕಿಕೊಳ್ಳದೆ ಮೂಲೆಯಲ್ಲಿದ್ದ ದಪ್ಪ ಟೈರಿಗೂ ಒತ್ತಿದ. ಮುಳ್ಳೇ ಮುರಿಯಿತು. ತುಳಿಯಲು ಭಾರವಾದರೂ ಅದನ್ನೇ ಹಾಕಿಸಿದ.

ಅಂದಿನಿಂದ ಗಾಳಿ ಹೋದದ್ದಿಲ್ಲ, ಎಲೆ ಬಾಡಿದ್ದಿಲ್ಲ. ಒಂದು ಮಧ್ಯಾಹ್ನ ಜಾಲಿಬೇಲಿಯ ಪಕ್ಕದ ಹೊಲದ ಮನೆಯನ್ನು ದಾಟುವಾಗ ಮುದುಕಿ ಸುಶೀಲವ್ವ ದಾರಿಗೆ ಅಡ್ಡ ನಿಂತಳು. ಅವಳು ಎಲೆ ತಿನ್ನುವವಳಲ್ಲ. ಆದರೆ ಅಲ್ಲಿ ಪಂಕ್ಚರಾದಾಗಲೆಲ್ಲ ತೂತು ಹುಡುಕಲು ಬೋಗುಣಿಯಲ್ಲಿ ನೀರು, ಹಿಂದೆಯೇ ಚಹಾ ಕೊಡುತ್ತಿದ್ದವಳು.

"ಯಾಕೋ ಮಜೀದಾ, ಸಿಟ್ಟಾಗಿಯೇನ? ಈ ಕಡೆ ತಿರುಗೂ ನೋಡವಲ್ಲಿ!"

"ಪಂಕ್ಚರ ಆಗವಲ್ದವ್ವಾ," ಎಂದ ಮಜೀದ, ತಪ್ಪು ಮಾಡಿದವನಂತೆ.

"ಚಹಾ ಕುಡ್ಯಾಕ ಗಾಳಿ ಹೋಗಬೇಕೇನ? ಇಳಿ ಕೆಳಗ!"

ಈಗ ಆ ಬೇಲಿ ಬಂತೆಂದರೆ ಮಜೀದ ತಾನಾಗಿ ಇಳಿಯುತ್ತಾನೆ. ಟೈರಿನ ತುಂಬ ಗಾಳಿ ಇರುತ್ತದೆ.