ಕೋಟು ಕಳಚಿದ ಮೇಲಿನ ಸಲಹೆ

ಗೆಳೆಯರೇ, ಕಮಲಾಪುರದ ನನ್ನ ಸೋದರಮಾವನನ್ನು ಇವತ್ತು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿರುವ ಒಬ್ಬ ವಕೀಲರ ಹತ್ತಿರ ಕರೆದೊಯ್ದಿದ್ದೆ. ಅವರು ಎಲ್‌ಎಲ್‌ಬಿಯ ಜೊತೆಗೆ ಎಂಬಿಎ ಕೂಡ ಮಾಡಿದವರು.

ಮಾವನ ತೋಟದ ದಾರಿಗೆ ಅವರ ತಮ್ಮ ಮುಳ್ಳುಬೇಲಿ ಹಾಕಿದ್ದಾನೆ. ಕೆಂಪು ಬಾಳೆಗೊನೆಗಳು ಕಟಾವಿಗೆ ಬಂದಿವೆ, ಟೆಂಪೊ ಒಳಗೆ ಹೋಗುವಂತಿಲ್ಲ.

ವಕೀಲರು ಕರಿಕೋಟು ಸರಿಪಡಿಸಿಕೊಂಡು, "ಕೇಸ್ ಹಾಕ್ರಿ. ಗೆದ್ದಂಗ ತಿಳೀರಿ" ಎಂದರು. ಮಾವನ ಮುಖ ಅರಳಿತು.

ಅಷ್ಟರಲ್ಲಿ ವಕೀಲರು ಕೋಟು ಕಳಚಿ ಕುರ್ಚಿಗೆ ತೂಗುಹಾಕಿ, ಮಾರ್ಕರ್ ಹಿಡಿದು ಬಿಳಿ ಬೋರ್ಡಿನ ಮುಂದೆ ನಿಂತರು.

"ಈಗ ಎಂಬಿಎದಾಂವ ಆಗಿ ಹೇಳ್ತೀನಿ. ಕೇಸ್ ಅಂದ್ರ ಬರೀ ಲಾಸ್. ತೀರ್ಪು ಬರೋತನಕ ಗೊನಿ ಎಲ್ಲಾ ಕೊಳ್ತು ಹೋಗ್ತಾವ. ತಮ್ಮನ ಜೋಡಿ ರಾಜಿ ಆಗ್ರಿ."

"ಹಂಗಾರ ಯಾವ್ದು ಮಾಡ್ಲಿರೀ?"

"ಎರಡೂ ನನ್ನ ಸಲಹಾನ ಅದಾವ್ರಿ. ನಿರ್ಧಾರ ನಿಮ್ದು."

ಮಾವ ಟವೆಲ್ ಕೊಡವಿ ಎದ್ದರು. "ಸಾಹೇಬ್ರ, ಮೊದಲ ನೀವಿಬ್ಬರೂ ರಾಜಿ ಆಗ್ರಿ. ಆಮ್ಯಾಲ ನನ್ನ ತಮ್ಮನ್ನ ಕರಕೊಂಡು ಬರ್ತೀನಿ."

ನಾವು ಹೊರಬೀಳುವಾಗ ವಕೀಲರ ಒಂದು ತೋಳು ಕೋಟಿನೊಳಗಿತ್ತು, ಇನ್ನೊಂದು ಕೈಯಲ್ಲಿ ಮಾರ್ಕರ್ ಇತ್ತು. ಅವರಿಬ್ಬರ ಕೇಸಿಗೆ ಯಾವ ವಕೀಲರು ಸಿಗುತ್ತಾರೋ!