ನೆಲವೇ ಡೊಂಕಿತ್ತು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿಜಯಪುರದ ಜೋರಾಪುರ ಪೇಟೆಯಲ್ಲಿ ಹುಟ್ಟಿ ಬೆಳೆದವಳು ನಾನು. ಅಪ್ಪ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದರು. ತಕ್ಕಡಿಯ ಮುಳ್ಳು ನಡುವೆ ನಿಲ್ಲದಿದ್ದರೆ ಅಂಗಡಿಯವನ ಸಿಹಿಮಾತು ಕೇಳಬಾರದು, ಮುಳ್ಳು ಹೇಳಿದ್ದನ್ನೇ ನಂಬಬೇಕು ಎನ್ನುತ್ತಿದ್ದರು. ಅಕ್ಷರ ಕಲಿಯುವುದಕ್ಕಿಂತ ಮೊದಲು ನಾನು ಅದನ್ನು ಕಲಿತೆ.

ಮದುವೆಯಾಗಿ ತಿಕೋಟಾಕ್ಕೆ ಬಂದೆ. ಗಂಡನದು ಬಡಿಗತನ; ಮನೆಯ ಮುಂದೆಯೇ ತಗಡಿನ ಶೆಡ್ಡು. ಮೊದಮೊದಲು ಬಾಗಿಲುಗಳಿಗೆ ಪಾಲಿಶ್ ಹಚ್ಚುವುದಷ್ಟೇ ನನ್ನ ಕೆಲಸವಾಗಿತ್ತು. ಆಮೇಲೆ ರಂದಾ ಮಷೀನು ಬಂತು. ಅದರ ಸದ್ದು ಗಂಡನಿಗೆ ಆಗಿಬರಲಿಲ್ಲ, ನನಗೆ ಆಗಿಬಂತು. ಅಂದಿನಿಂದ ಗುರುತು ಹಾಕುವುದು, ಕೂಡಿಸುವುದು, ನಿಲ್ಲಿಸುವುದು ಅವರದು, ಮಷೀನು ನನ್ನದು. ರಂದಾ ಮಷೀನು ಎಂದರೆ ಮತ್ತೇನಲ್ಲ, ಮುಂದೊಂದು ಹಿಂದೊಂದು ಕಬ್ಬಿಣದ ಹಾಸು, ನಡುವೆ ತಿರುಗುವ ಬ್ಲೇಡು. ಹಲಗೆಯನ್ನು ಈಚೆಯಿಂದ ನೂಕಿದರೆ ಅದು ಕೆರೆಸಿಕೊಂಡು ಆಚೆ ಹೋಗುತ್ತದೆ. ಎರಡು ಹಾಸೂ ಸಮ ಇದ್ದರೆ ಹಲಗೆ ನೇರ ಬರುತ್ತದೆ, ಇಲ್ಲದಿದ್ದರೆ ದೇವರೇ ಬಂದು ನೂಕಿದರೂ ನೇರ ಬರುವುದಿಲ್ಲ.

ಹಳೆಯ ಮಷೀನು ವರ್ಷಗಟ್ಟಲೆ ದುಡಿದು ಸವೆದುಹೋದಾಗ, ಈಚಿನ ಒಂದು ಶ್ರಾವಣದಲ್ಲಿ ಸ್ಟೇಷನ್ ರಸ್ತೆಯ ಅಂಗಡಿಯಿಂದ ಹೊಸದು ತಂದೆವು. ಡಬ್ಬಿ ಬಿಚ್ಚಿ ತೋರಿಸಿ ಎಂದಿದ್ದಕ್ಕೆ ಅಂಗಡಿಯ ಸಾವಕಾರರು ನಕ್ಕರು.

"ಕಂಪನಿ ಮಾಲ ಐತ್ರಿ ಅಕ್ಕಾರ. ಇದನ್ನೇನ ನೋಡ್ತೀರಿ, ಬದನಿಕಾಯಿ ಏನು?"

ಮನೆಗೆ ತಂದು ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದೆ. ಹೊಸ ಮಷೀನಿಗೆ ಕಾಯಿ ಒಡೆಯದೆ ಸ್ವಿಚ್ಚು ಒತ್ತುವ ಮನೆಯನ್ನು ನಮ್ಮ ಕಡೆ ನಾನು ಕಂಡಿಲ್ಲ. ಕಾಯಿನೀರು ನಾಲ್ಕು ಹನಿ ಮಷೀನಿನ ಮೇಲೂ ಬಿತ್ತು. ಬೀಳಲೆಂದೇ ಅಲ್ಲವೇ ಒಡೆಯುವುದು!

ಅದರಲ್ಲಿ ಮಾಡಿದ ಮೊದಲ ಕೆಲಸ ಬಬಲೇಶ್ವರದ ಒಂದು ಹೊಸ ಮನೆಯ ತಲಬಾಗಿಲು. ಮನೆಯ ಯಜಮಾನತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ತಲಬಾಗಿಲು ನಿಲ್ಲಿಸಿದ ದಿನ ಬಡಿಗನಿಗೆ ಟವೆಲ್ಲು, ಟೊಪ್ಪಿಗೆ, ಅವನ ಹೆಂಡತಿಗೆ ಕುಬಸದ ಖಣ ಕೊಡುವುದು ಪದ್ಧತಿ. ಕಾಕು ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿ ಇಟ್ಟುಕೊಂಡಿದ್ದರು. ಗಂಡ ಬಾಗಿಲು ಕೂಡಿಸಿ ಮುಚ್ಚಿದರು. ಮೇಲಿನ ಮೂಲೆ ಚೌಕಟ್ಟಿಗೆ ತಾಕಿತು, ಕೆಳಗಿನ ಮೂಲೆ ಹೊರಗೇ ನಿಂತಿತು. ಒತ್ತಿದರೆ ಹೋಗುತ್ತದೆ, ಬಿಟ್ಟರೆ ಮರಳಿ ಬರುತ್ತದೆ. ಹಲಗೆಗಳೇ ತಿರುಚಿಕೊಂಡಿದ್ದವು.

ಕಾಕು ಸಂದಿಯಲ್ಲಿ ಬೆರಳು ತೂರಿಸಿ ನೋಡಿದರು.

"ಇದರಾಗ ಇಲಿ ಅಷ್ಟ ಅಲ್ಲೋ ಯಪ್ಪಾ, ಬೆಕ್ಕೂ ಹೋಗ್ತೈತಿ. ಮಷೀನ್ ಯಾರು ಹೊಡದ್ರು?"

ಗಂಡನಿಗೆ ಸುಳ್ಳು ಬರುವುದಿಲ್ಲ. "ಇಕೀನ ರಿ" ಎಂದು ನನ್ನ ಕಡೆ ನೋಡಿದರು.

"ಹೆಣಮಗಳ ಕೈಯಾಗ ಮಷೀನ್ ಕೊಟ್ರ ಮತ್ತೇನಾಗ್ತೈತಿ!"

"ಕಾಕೂ, ಇಷ್ಟು ವರ್ಷ ನಾನ ಹೊಡದೇನಿ. ಈ ಹೊಸಾ ಮಷೀನಿನ್ಯಾಗ ಏನೋ ದೋಷ ಐತಿ" ಎಂದೆ.

"ಕುಣೀಲಾಕ ಬರಲಾರದಾಕಿ ನೆಲಾ ಡೊಂಕ ಅಂದಳಂತ" ಎಂದರು ಕಾಕು. ಸುತ್ತ ನಿಂತವರೆಲ್ಲ ನಕ್ಕರು. ಟವೆಲ್ಲು ಟೊಪ್ಪಿಗೆಯ ತಟ್ಟೆ ಒಳಗೆ ಹೋಯಿತು. "ಇನ್ನೊಂದು ಮಾಡಿ ತರ್ರಿ. ಆದ್ರ ಈ ಸಲ ನಿಮ್ಮ ಕೈಲೇ ಮಾಡ್ರಿ" ಎಂದು ಗಂಡನಿಗೆ ಹೇಳಿ ಕಳಿಸಿದರು.

ಬಾಗಿಲು ಕೆಟ್ಟಿದ್ದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ಮರ ಇನ್ನೊಂದು ಸಿಗುತ್ತದೆ. ಆ ನಗು ಮಾತ್ರ ತಿಕೋಟಾದವರೆಗೂ ಬೆನ್ನಿಗೆ ಬಂತು. ಇಂಥ ಮಾತು ಬಬಲೇಶ್ವರದಲ್ಲಿ ಉಳಿಯುವುದಿಲ್ಲ, ಗಿರಾಕಿಯಿಂದ ಗಿರಾಕಿಗೆ ಹೋಗುತ್ತದೆ. ನಾಳೆ ಇನ್ನೊಬ್ಬರು, ಆಕೆ ಮಷೀನು ಮುಟ್ಟದಿದ್ದರೆ ಮಾತ್ರ ಕೆಲಸ ಕೊಡುತ್ತೇವೆ ಎನ್ನುತ್ತಾರೆ. ನನ್ನ ಕೈಯಿಂದ ಮಷೀನು ಹೋಗುತ್ತದೆ. ಮತ್ತೆ ಪಾಲಿಶ್ ಡಬ್ಬಿ ಹಿಡಿದು ಕೂಡಲು ನಾನು ತಯಾರಿರಲಿಲ್ಲ.

ಮನೆ ಮುಟ್ಟಿದವಳೇ ಉಕ್ಕಿನ ಪಟ್ಟಿಯನ್ನು ಹಾಸಿನ ಮೇಲೆ ಅಡ್ಡ ನಿಲ್ಲಿಸಿ ಹಿಂದೆ ಮೊಬೈಲಿನ ಬ್ಯಾಟರಿ ಹಚ್ಚಿದೆ. ಹಿಂದಿನ ಹಾಸಿನ ಒಂದು ಮೂಲೆಯಲ್ಲಿ ಪಟ್ಟಿಯ ಕೆಳಗಿಂದ ಬೆಳಕು ಕಂಡಿತು. ಹಾಸೇ ತಿರುಚಿತ್ತು. ನೆಲ ನಿಜಕ್ಕೂ ಡೊಂಕಿತ್ತು. ಕಾಕು ಅಲ್ಲಿದ್ದಿದ್ದರೆ ಕೈಹಿಡಿದು ಎಳೆತಂದು ತೋರಿಸುತ್ತಿದ್ದೆ.

"ಹೋಗ್ಲಿ ಬಿಡ. ಹಾಸಿನ ಕೆಳಗ ಒಂದು ತಗಡಿನ ಚೂರು ಕೊಟ್ರ ನಡೀತೈತಿ. ಅವರ ಬಾಗಲಾ ನಾ ಕೈ ರಂದಾಲೇ ಹೊಡೀತೇನಿ" ಎಂದರು ಗಂಡ. ಅವರು ಎಲ್ಲದಕ್ಕೂ ಹೋಗ್ಲಿ ಬಿಡು ಎನ್ನುವ ಮನುಷ್ಯ. ಒಳ್ಳೆಯವರು, ಆದರೆ ಅಂಥವರಿಂದಲೇ ಕಂಪನಿಗಳು ಬದುಕಿವೆ.

"ಹೊಸಾ ಮಷೀನಿಗೆ ತೇಪಿ ಯಾಕ ಹಚ್ಚೂಣ್ರಿ? ನೀವು ಕೈಲೇ ಮಾಡಿ ಕೊಟ್ರ ತಪ್ಪು ನಂದ ಅಂತ ಆತಿಲ್ಲೋ?" ಎಂದೆ.

ಕಂಪನಿಗೆ ಫೋನು ಮಾಡಿದೆ. ಬಹಳ ಹೊತ್ತು ಪೀಪಿ ಊದಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಜೇನಿನಂಥ ದನಿ.

"ಮೇಡಂ, ಮಷೀನ್ ಆನ್ ಆಗ್ತಿದೆಯಾ?"

"ಆಗ್ತೈತವ್ವಾ."

"ಹಾಗಾದ್ರೆ ಪ್ರಾಬ್ಲಂ ಏನು ಮೇಡಂ?"

ಹಾಸು ತಿರುಚಿದೆ ಎಂದೆ. ಹಾಸು ಅಂದರೇನು ಎಂದಳು. ಹೇಳಿದೆ. ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ ಎಂದಳು. ಪಾಪ, ಅವಳ ಮುಂದೆ ಬರೆದಿಟ್ಟದ್ದು ಅಷ್ಟೇ ಇರಬೇಕು. ಹತ್ತಿರದ ಸರ್ವಿಸ್ ಸೆಂಟರಿಗೆ ಒಯ್ಯಿರಿ ಎಂದು ಕಡೆಗೆ ಹೇಳಿ, ತನ್ನ ಸೇವೆ ಹೇಗಿತ್ತು ಎಂದು ನನ್ನನ್ನೇ ಕೇಳಿದಳು.

ಸರ್ವಿಸ್ ಸೆಂಟರು ಗೋಳಗುಮ್ಮಟದ ಸಮೀಪದ ಓಣಿಯಲ್ಲಿತ್ತು. ಗುಮ್ಮಟದೊಳಗೆ ಒಂದು ಸಲ ಕೂಗಿದರೆ ಏಳು ಸಲ ಉತ್ತರ ಬರುತ್ತದೆ ಎನ್ನುತ್ತಾರೆ. ಇಲ್ಲಿ ಎಷ್ಟು ಸಲ ಎಡತಾಕಿದರೂ ಒಂದು ಉತ್ತರ ಹುಟ್ಟಲಿಲ್ಲ. ಕೊನೆಗೊಮ್ಮೆ ಅಲ್ಲಿನ ಮೆಕ್ಯಾನಿಕ್ ಮೋಟಾರಿನ ಮುಚ್ಚಳ ಬಿಚ್ಚಿದ. ಬದಿಯಲ್ಲಿ ಒಣಗಿದ ಕಲೆ, ಸ್ವಿಚ್ಚಿನ ಸುತ್ತ ಕುಂಕುಮ ಕಂಡಿತು.

"ಕಾಯಿ ಒಡದೀರಿ. ನೀರು ಒಳಗ ಹೋಗೇತಿ. ವಾರಂಟಿ ನಡ್ಯಾಂಗಿಲ್ರಿ."

"ಮೋಟಾರ್ ಛಲೋ ತಿರಗಾಕತ್ತೈತೆಲ್ಲ? ನನ್ನ ತಕರಾರು ಹಾಸಿಂದು."

"ಯಾವದರ ಇರ್ಲಿ ರಿ, ನೀರು ಹೋದ್ರ ಮುಗೀತು. ರೂಲ್ ಐತಿ."

"ಅಲ್ಲೋ ತಮ್ಮಾ, ನಾಕ ಹನಿ ಕಾಯಿನೀರಿಗೆ ಕಬ್ಬಿಣ ಬಾಗತೈತಿ?"

ಅವನು ಮುಚ್ಚಳ ಹಾಕಿ ತಿರುಪು ಬಿಗಿದ. ಅವನ ತಲೆಯ ಮೇಲೆ ಗೋಡೆಯಲ್ಲಿದ್ದ ಮೀಟರ್ ಬೋರ್ಡಿಗೆ ಅಂಗೈಯಗಲ ಕುಂಕುಮ ಬಡಿದಿದ್ದರು. ತೋರಿಸಿದೆ. ಅವನು ನೋಡಲಿಲ್ಲ.

ಅಂದು ಮನೆಗೆ ಬಂದು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ನಮ್ಮ ಭಕ್ತಿಯನ್ನೇ ನಮ್ಮ ತಪ್ಪು ಮಾಡಿಬಿಟ್ಟಿದ್ದರು. ಬಾಗಿಲು ಕೆಟ್ಟರೆ ನನ್ನ ಕೈ, ಮಷೀನು ಕೆಟ್ಟರೆ ನನ್ನ ಕಾಯಿ. ಕಾರ್ಖಾನೆಯಲ್ಲಿ ಒಂದು ಪಟ್ಟಿ ಇಟ್ಟು ನೋಡದೆ ಡಬ್ಬಿಗೆ ತುಂಬಿದವನ ಹೆಸರು ಮಾತ್ರ ಎಲ್ಲೂ ಬರಲಿಲ್ಲ.

ಖಂಡೇ ಪೂಜೆ ಹತ್ತಿರ ಬಂತು. ಆಯುಧ, ಮಷೀನುಗಳಿಗೆ ಪೂಜೆ ಮಾಡುವ ಆ ಹಬ್ಬದ ಮುಂದೆ ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಕಾಯುತ್ತಿದ್ದದ್ದೂ ಅದನ್ನೇ. ಮಷೀನನ್ನು ಟಂಟಂ ಗಾಡಿಯಲ್ಲಿ ಹೇರಿಸಿ, ಬರಲೊಲ್ಲದ ಗಂಡನನ್ನೂ ಹತ್ತಿಸಿ, ತಂದ ಅಂಗಡಿಯ ಬಾಗಿಲಿಗೇ ಇಳಿಸಿದೆ. ಪಟ್ಟಿ ಇಟ್ಟು ಬ್ಯಾಟರಿ ಹಚ್ಚಿದೆ.

"ಬರ್ರಿ, ಎಲ್ಲಾರೂ ನೋಡ್ರಿ. ಪುಕ್ಕಟ ಐತಿ."

ಸಾವಕಾರರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದರು. "ಅಕ್ಕಾರ, ವ್ಯಾಪಾರದ ಹೊತ್ತಿನ್ಯಾಗ ಇದೇನ್ರಿ? ನೀವು ಕಾಯಿ ಒಡದ ನೀರ ಬಿಟ್ಟೀರಿ ಅಂತ ಸರ್ವಿಸಿನವರು ಹೇಳ್ಯಾರ. ಕಂಪನಿ ತಪ್ಪಲ್ರಿ ಇದು."

ಅದೇ ಜಾತಿಯ ಮಷೀನು ಕೊಳ್ಳಲು ಬಂದಿದ್ದ ಒಬ್ಬ ಮುದುಕರು ರುಮಾಲು ಸರಿಮಾಡಿಕೊಂಡು ಬಗ್ಗಿ ಬೆಳಕನ್ನು ನೋಡಿದರು. ನೋಡಿ, ತಾವು ಆರಿಸಿದ್ದ ಡಬ್ಬಿಯನ್ನು ಕೋಲಿನಿಂದ ಮುಟ್ಟಿದರು.

"ಸಾವಕಾರ್ರ, ಇದನ್ನ ಒಡೀರಿ. ನೋಡೇ ಒಯ್ತೀನಿ."

ಸಾವಕಾರರಿಗೆ ಬೇರೆ ದಾರಿ ಇರಲಿಲ್ಲ. ಸೀಲು ಒಡೆದರು. ಎಣ್ಣೆ ಆರದ ಹೊಚ್ಚಹೊಸ ಹಾಸು. ನಾನು ಪಟ್ಟಿಯನ್ನು ಮುದುಕರ ಕೈಗೇ ಕೊಟ್ಟೆ. ಅವರು ಇಟ್ಟರು, ನಾನು ಬೆಳಕು ಹಿಡಿದೆ. ಅದೇ ಮೂಲೆ, ಅದೇ ಸಂದಿ.

"ಇದರ ಮ್ಯಾಲ ಕಾಯಿ ಯಾರು ಒಡದಾರ್ರಿ ಸಾವಕಾರ್ರ?" ಎಂದು ಕೇಳಿದೆ.

ಮುದುಕರು ಕೋಲು ಊರಿಕೊಂಡು ಹೊರಗೆ ಹೋದರು. ಅವರ ಹಿಂದೆ ಇನ್ನಿಬ್ಬರು ಹೋದರು. ಸಾವಕಾರರು ಮೆಲ್ಲಗೆ, ಬದಲಿ ಮಷೀನು ಕೊಡಿಸುತ್ತೇನೆ, ಒಳಗೆ ಬನ್ನಿ, ಚಹಾ ಕುಡಿಯಿರಿ ಎಂದರು.

"ಚಹಾ ಆಮ್ಯಾಲ. ಮೊದಲ ಬಬಲೇಶ್ವರಕ್ಕ ಫೋನ್ ಹಚ್ಚಿ ತಪ್ಪು ಯಾರದು ಅಂತ ಹೇಳ್ರಿ."

ಕಾಕುವಿಗೆ ಫೋನು ಹಚ್ಚಿ ಕೊಟ್ಟೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಸಾವಕಾರರು ಗಂಟಲು ಸರಿಮಾಡಿಕೊಂಡು, ಮಷೀನೇ ಕೆಟ್ಟದ್ದು ಬಂದಿತ್ತು, ಈ ಅಕ್ಕನವರ ತಪ್ಪಿಲ್ಲ ಎಂದು ಒಪ್ಪಿದರು. ಆ ಕಡೆಯಿಂದ ಕಾಕು ಹೇಳಿದ್ದು ಒಂದೇ ಮಾತು.

"ನನಗ ಫೋನಿನ್ಯಾಗಿನ ಮಾತು ಬ್ಯಾಡ್ರಿ, ಮುಚ್ಚೂ ಬಾಗಲಾ ಬೇಕು."

ಮಾತು ಖರೆ ಇತ್ತು. ಬದಲಿ ಮಷೀನು ಬಂದಾಗ ಅಂಗಡಿಯಲ್ಲೇ ಬಿಚ್ಚಿಸಿ, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಪಟ್ಟಿ ಇಟ್ಟು ನೋಡಿದೆ. ಎಲ್ಲೂ ಬೆಳಕಿರಲಿಲ್ಲ. ಖಂಡೇ ಪೂಜೆಯ ದಿನ ಅದರ ಮುಂದೆ ಕಾಯಿ ಒಡೆದೆ. ರೂಲು ಬರೆದವರಿಗೆ ಬೇಕಾದರೆ ಬಂದು ನೋಡಲಿ ಎಂದು ಎರಡು ಹೆಚ್ಚೇ ಒಡೆದೆ. ಬಾಗಿಲಿನ ಹಲಗೆಗಳನ್ನು ಕೈಯಿಂದ ಹೊಡೆಯಲು ಗಂಡನನ್ನು ಬಿಡಲಿಲ್ಲ. ಒಂದೊಂದನ್ನೂ ನಾನೇ ಮಷೀನಿನಲ್ಲಿ ನೂಕಿದೆ.

ಬಬಲೇಶ್ವರದಲ್ಲಿ ಬಾಗಿಲು ನಿಲ್ಲಿಸಿದ ದಿನ ಕಾಕು ತಾವೇ ಮುಚ್ಚಿದರು. ಮೇಲೆ ಕೂತಿತು, ಕೆಳಗೂ ಕೂತಿತು. ಬಗ್ಗಿ ಸಂದಿಯಲ್ಲಿ ಬೆರಳು ತೂರಿಸಲು ನೋಡಿದರು. ಉಗುರೂ ಹೋಗಲಿಲ್ಲ. ಒಳಗಿಂದ ತಟ್ಟೆ ತಂದು ಗಂಡನ ಹೆಗಲಿಗೆ ಟವೆಲ್ಲು ಹಾಕಿದರು.

"ಈಗ ಬರೋಬ್ಬರಿ ಆತು ನೋಡ್ರಿ. ಗಂಡಸರ ಕೈ ಅಂದ್ರ ಕೈ" ಎಂದು ಟೊಪ್ಪಿಗೆ ಎತ್ತಿದರು.

ನಾನು ಬಾಯಿ ತೆರೆಯುವುದರೊಳಗೆ, ಜೀವಮಾನವೆಲ್ಲ ಹೋಗ್ಲಿ ಬಿಡು ಎಂದ ಮನುಷ್ಯ ಕೈ ಅಡ್ಡ ಹಿಡಿದರು.

"ಕಾಕೂ, ನಾ ಬರೇ ಮೊಳಿ ಬಡದೇನಿ. ಹಲಗಿ ಎಲ್ಲಾ ಇಕಿ ಹೊಡದಾಳ. ಟೊಪಗಿ ಇಕೀಗಿ ಹಾಕ್ರಿ."

ಕಾಕು ಅವರನ್ನು ನೋಡಿದರು, ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. ಸುತ್ತ ನಿಂತವರು ಈ ಸಲವೂ ನಕ್ಕರು. ನಾನು ಸೆರಗು ಹಿಂದೆ ಸರಿಸಿ ತಲೆ ಬಗ್ಗಿಸಿದೆ. ಕಾಕು ಬಿಳಿ ಟೊಪ್ಪಿಗೆಯನ್ನು ನನ್ನ ತಲೆಗೆ ಇಟ್ಟು, "ಹಿಡಿವಾ, ಆತು" ಎಂದರು.

ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ತಿಕೋಟಾಕ್ಕೆ ಮರಳಿದೆ. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಗಾಳಿಗೆ ಹಾರದಂತೆ ಒಂದು ಕೈಯಲ್ಲಿ ಅದುಮಿ ಹಿಡಿದುಕೊಂಡಿದ್ದೆ. ಮನೆಯ ಹೊಸ್ತಿಲು ದಾಟುವವರೆಗೂ ಆ ಟೊಪ್ಪಿಗೆ ತೆಗೆಯಲಿಲ್ಲ.