ಬೆರಳ ತುದಿಯ ಕ್ಯಾಂಡಲ್

“ಇದು ಬರ್ತ್‌ಡೇ ಕ್ಯಾಂಡಲ್, ಉಫ್ ಅಂತ ಆರಿಸಿ ನೋಡೋಣ!” ಎಂದು ಬೆರಳೆತ್ತಿ ಹಿಡಿದ ಮೇಲೆ, ಎದುರಿಗಿದ್ದವರಿಗೆ ಎಂಬತ್ತು ದಾಟಿದೆ ಎಂಬುದು ಹೊಳೆದು ನಾಚಿಕೆಯಾಯಿತು. ನಾನು ಅಮೆರಿಕದ ಆಸ್ಟಿನ್‌ನ ಆಸ್ಪತ್ರೆಯೊಂದರಲ್ಲಿ ದೊಡ್ಡವರ ಮತ್ತು ಮಕ್ಕಳ ಚಿಕಿತ್ಸೆ ಎರಡನ್ನೂ ಒಟ್ಟಿಗೆ ಕಲಿಯುತ್ತಿರುವ ರೆಸಿಡೆಂಟ್ ಡಾಕ್ಟರ್. ಹಿಂದಿನ ದಿನದವರೆಗೂ ಮಕ್ಕಳ ವಾರ್ಡಿನಲ್ಲಿ ಹೀಗೆ ಆಟವಾಡಿಸಿಯೇ ಜೋರಾಗಿ ಉಸಿರೆಳೆಸುತ್ತಿದ್ದ ಅಭ್ಯಾಸ ಬಿಟ್ಟಿರಲಿಲ್ಲ.

ಮಗಳ ಮನೆಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಆ ಹಿರಿಯರಿಗೆ ನ್ಯುಮೋನಿಯಾ. ಯಾರು ಹೇಳಿದರೂ ಜೋರಾಗಿ ಉಸಿರೆಳೆಯದೆ ಗೋಡೆಯತ್ತ ಹೊರಳುತ್ತಿದ್ದರು. ನಾನು ಬೆರಳು ಮಡಚುವ ಮೊದಲೇ ಎದೆ ತುಂಬ ಉಸಿರೆಳೆದು ಊದಿಯೇಬಿಟ್ಟರು! ಸದ್ದಡಗಿದ್ದ ಶ್ವಾಸಕೋಶದ ತಳದವರೆಗೂ ಗಾಳಿ ಇಳಿದದ್ದು ಸ್ಟೆತಾಸ್ಕೋಪಿನಲ್ಲಿ ಕೇಳಿ ಮೈ ಜುಮ್ಮೆಂದಿತು.

“ಆರಲಿಲ್ಲೇನವಾ? ಹಿಡಿ, ಇನ್ನೊಮ್ಮೆ ಊದತೀನಿ,” ಎಂದರು.

ಈಗ ವಾರ್ಡು ಯಾವುದೇ ಇರಲಿ, ಮೊದಲು ಮೇಲೇಳುವುದು ನನ್ನ ಬೆರಳು.